ಟವೆಲ್ ಎಸೆದ ಮಾವ

...ಇಲ್ಲ ಅಂದ್ರೆ ಇಲ್ಲ ಭಾವ! ನಾಳೆ ಫೈನಲ್ ಆದ್ರೇನು, ಇನ್ನೊಂದಾದ್ರೇನು? ರಿಂಗಿನ ಪಕ್ಕ ನಿನ್ನ ಮಗಳ ಕಾರ್ನರ್‌ನಲ್ಲಿ ನಿಲ್ಲೋಕೆ ನಾನೇ ಬೇಕಾ? ನೀನಿದ್ದೀಯಲ್ಲ, ದೊಡ್ಡ ಕೋಚು! ಬೀದಿ ಕೊನೆಗೆ ಕೇಳೋ ಅಂಥ ಗಂಟಲು ಬೇರೆ... ಕೂತ್ಕೋ, ಕೂತ್ಕೋ. ಬೆಂಚೇನೂ ಮುರಿಯಲ್ಲ. ಅಬ್ಬಾ, ಹೆಂಗೆ ಕಿರುಗುಟ್ತು ನೋಡು! ನನ್ನ ತಂಗಿ ಚೆನ್ನಾಗೇ ಬಡಿಸ್ತಿದ್ದಾಳೆ ನಿನಗೆ.

ನಾನು ಈ ಪಟ್ಟಿಗಳನ್ನ ಸುತ್ತಿಡ್ತಾ ಇರ್ತೀನಿ, ಬೇಜಾರು ಮಾಡ್ಕೋಬೇಡ. ಬೆಳಿಗ್ಗೆ ಒಗೆದು ಹಾಕಿದ್ದೆ, ಒಣಗಿವೆ. ಸಂಜೆ ಹುಡುಗರು ಬಂದ್ರೆ ಕೈಗೆ ಕಟ್ಟೋಕೆ ಬೇಕಲ್ಲ. ಹುಡುಗರಾ? ಬರ್ತಾರಪ್ಪ, ಬರೋರು ಬರ್ತಾರೆ. ನಿನ್ನ ಥರ ಗೋಡೆ ತುಂಬ ಕನ್ನಡಿ ಹಾಕಿಸಿಲ್ಲ ನಾನು. ಕನ್ನಡಿ ನೋಡ್ಕೊಂಡು ಬಾಕ್ಸಿಂಗ್ ಕಲಿಯೋಕೆ ಇದೇನು ಕ್ಷೌರದಂಗಡಿನಾ?

ಎಲ್ಲಿ ಅವಳು? ಹೊರಗೇ ನಿಲ್ಲಿಸಿ ಬಂದ್ಯಾ? ಮಾವನ ಬಾಗಿಲು ದಾಟೋಕೆ ನಾಚಿಕೆ ಆಯ್ತಾ ಮಹಾರಾಣಿಗೆ?

ಯಾಕೆ ನಗ್ತೀಯಾ? ನಗೋ ಅಂಥದ್ದು ಏನಂದೆ ನಾನು? ನಗು, ನಗು. ನಿನಗೆ ನನ್ನ ಕಂಡ್ರೆ ಮೊದಲಿಂದ್ಲೂ ನಗೂನೇ. ನಮ್ಮಿಬ್ಬರಿಗೂ ಬಾಕ್ಸಿಂಗ್ ಕಲಿಸಿದ ಮಾಸ್ತರು ಇದ್ದಾಗ್ಲೂ ಅಷ್ಟೆ. ಏಟು ಹಿಡಿಯೋ ಅವರ ಪ್ಯಾಡು ಯಾರು ಹೊರಬೇಕು ಅಂತ ಬಸ್‌ಸ್ಟಾಪಿನಲ್ಲಿ ಜುಟ್ಟು ಜುಟ್ಟು ಹಿಡ್ಕೊಂಡಿದ್ವಿ, ನೆನಪಿದೆಯಾ? ಬಸ್ಸು ಹೋಯ್ತು, ಮಾಸ್ತರೂ ಅದರಲ್ಲೇ ಹೋದ್ರು, ಪ್ಯಾಡು ನಮ್ಮಿಬ್ಬರ ಕೈಲೇ ಉಳೀತು! ಆಮೇಲೆ ನೋಡಿದ್ರೆ ನನ್ನ ತಂಗೀನೇ ಕೇಳ್ಕೊಂಡು ಬಂದೆ. ಬೀದಿಲಿದ್ದ ಜಗಳ ಮನೆ ಒಳಗೇ ಬಂತು.

ಆದ್ರೆ ಒಂದ್ಸಲ ಗೆದ್ದೆ ಭಾವ ನಾನು. ಪುಟ್ಟಿ ಇಷ್ಟುದ್ದ ಇದ್ದಾಗ, ನಿನ್ನ ಕೈ ಬಿಡಿಸ್ಕೊಂಡು, "ನಂಗೆ ಮಾವನೇ ಕಲಿಸ್ಲಿ" ಅಂದಳಲ್ಲ... ಆಗ ನಿನ್ನ ಮುಖ ನೋಡಬೇಕಿತ್ತು! ಹೆತ್ತ ಅಪ್ಪ ಕೋಚು, ಮಗಳು ಮಾವನ ಹಿಂದೆ. ಸುಳ್ಳು ಯಾಕೆ ಹೇಳ್ಲಿ, ನನಗೆ ಪದಕ ಬಂದಾಗ್ಲೂ ಅಷ್ಟು ಖುಷಿ ಆಗಿರಲಿಲ್ಲ.

ಇದೇ ಬೆಂಚಲ್ಲಿ ಕೂತು ಕಾಲು ಅಲ್ಲಾಡಿಸ್ತಿದ್ದಳು. "ಬೆರಳು ಅಗಲಿಸಮ್ಮ" ಅಂದ್ರೆ ಸಾಕು, ಮಾತಿಲ್ಲ ಕತೆಯಿಲ್ಲ, ಕೈ ಚಾಚಿ ಕೂತುಬಿಡೋಳು. ನೀನು ಬಿಗಿಯಾಗಿ ಸುತ್ತೋನು, ನಂಗೊತ್ತು. ಅವಳ ಬಲಗೈ ಕಿರುಬೆರಳ ಗೆಣ್ಣು ಒಂದ್ಸಲ ಮುರಿದಿದೆ, ಅಲ್ಲಿ ಸ್ವಲ್ಪ ಸಡಿಲ ಬಿಡು. ಮರೀಬೇಡ. ಮೂಗೂ ಮುರೀತಲ್ಲ, ಅದೇ ವರ್ಷ. ಆವಾಗಿಂದ ಅಳು ನುಂಗಿಕೊಂಡ್ರೆ ಮೂಗಿನಲ್ಲಿ ಸಣ್ಣಗೆ ಸೀಟಿ ಬರುತ್ತೆ ಅವಳಿಗೆ. ನಾನು ಬೆನ್ನು ತಿರುಗಿಸಿ ನಿಂತಿದ್ರೂ ಗೊತ್ತಾಗೋದು. "ಸೀಟಿ ಊದಬೇಡ, ಏನಾಯ್ತು ಹೇಳು" ಅಂತಿದ್ದೆ...

ಟವೆಲ್ ಮಾತು ಎತ್ತಬೇಡ ಭಾವ! ಎತ್ತಲಿಲ್ವಾ? ಮನಸ್ಸಲ್ಲಿ ಅದೇ ತಾನೆ ಇರೋದು? ಊರೆಲ್ಲ ಆಡ್ಕೊಂಡಿತು. ಗೆಲ್ತಿದ್ದ ಹುಡುಗಿ, ಸೋತ್ವಿ ಅಂತ ರಿಂಗೊಳಗೆ ಟವೆಲ್ ಎಸೆದು ಇವನೇ ಸೋಲಿಸಿದ; ಗೆದ್ದಿದ್ರೆ ದೊಡ್ಡ ಕೋಚಿನ ಮಗಳು ಅಂತ ಹೆಸರು ಅಪ್ಪನಿಗೇ ಹೋಗುತ್ತೆ ಅಂತ ಹೊಟ್ಟೆಕಿಚ್ಚು, ಅಂದ್ರು. ನಂಗಾ? ಪುಟ್ಟಿ ಮೇಲಾ?

ಎದುರಾಳಿ ಬಿದ್ದಿದ್ದಳು, ಸರಿ. ಯಾರಿಲ್ಲ ಅಂದ್ರು? ನೀವೆಲ್ಲ ಬಿದ್ದವಳನ್ನ ನೋಡ್ತಿದ್ರಿ. ನಾನು ನಿಂತವಳನ್ನ ನೋಡ್ತಿದ್ದೆ. ಮಂಡಿ ನಡುಗ್ತಿತ್ತು ಅವಳಿಗೆ. ನಾನು ನೋಡ್ದೆ! ಕಣ್ಣಾರೆ ನೋಡ್ದೆ! ಇನ್ನೊಂದು ಏಟು ಬಿದ್ದಿದ್ರೆ ಏನು ಗತಿ? ಅದಕ್ಕೇ ಎಸೆದೆ. ಅದು ಕೋಚಿನ ಕಣ್ಣು ಭಾವ, ನಿನಗೆ ಬರಲ್ಲ.

ಅವಳು ಏನು ಕೇಳಿದಳು ಗೊತ್ತಾ? "ನನ್ನ ಮೇಲೆ ನಂಬಿಕೆ ಇರಲಿಲ್ವಾ ಮಾವ?" ಅಂತ. ಇರಲಿಲ್ಲ ಅಂದೆ. ಹೌದು, ಅಂದೆ! ಇನ್ನೇನು ಹೇಳಲಿ? ಮಾರನೇ ದಿನ ಗ್ಲೌಸ್ ತಗೊಂಡು ನಿನ್ನ ಹತ್ರ ಬಂದಳು. ನೀನು ಗೆದ್ದೆ. ಸಾಕಲ್ಲ? ಇನ್ನು ನನ್ನನ್ನ ಯಾಕೆ ಎಳೀತೀರಾ?

ನಗು ಯಾಕೆ ನಿಂತುಹೋಯ್ತು? ಇಷ್ಟೊತ್ತು ಕಿಸಿಕಿಸಿ ಅಂತಿದ್ದೆ... ಓಹೋ, ಎದ್ದುಬಿಟ್ಯಾ? ಹೊರಟ್ಯಾ? ಅದೇ ಕೆಂಪು ಜಾಕೆಟ್ಟು! ತಲೆ ನರೆತ್ರೂ ಬಿಟ್ಟಿಲ್ಲ ನೋಡು ಶೋಕಿ. ಬಾಗಿಲಿಗೆ ಅಡ್ಡ ನಿಲ್ಲಬೇಡ, ಬೆಳಕು ಬರಲ್ಲ. ಈ ಕಡೆ ಬಾ.

ಏ... ಬೆಂಚು ಕಿರುಗುಟ್ಟಿತಲ್ಲ?

ಭಾವ, ನೀನು ಇಲ್ಲೇ ಕೂತಿದ್ದೀಯಾ? ಮತ್ತೆ ಅಲ್ಲಿ... ಆ ಕೆಂಪಗಿರೋದು... ಯಾರದು? ಮಾತಾಡೋ! ಹಿಂಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನಾನೇನಂತ ತಿಳ್ಕೊಳ್ಳಲಿ? ಯಾರಾದ್ರೂ ಒಂದು ಮಾತಾಡಿ...

ಸೀಟಿ.

ಪುಟ್ಟಿ? ಪುಟ್ಟಿ ನೀನಾ?

ಯಾವಾಗ ಬಂದೆಯಮ್ಮ? ಮೊದಲಿಂದಾನಾ? ನಾನು "ಎಲ್ಲಿ ಅವಳು" ಅಂದಾಗ್ಲೂ... ನನ್ನೆದುರಿಗೇ ನಿಂತಿದ್ಯಾ? ಅದಕ್ಕೇ ನಗ್ತಿದ್ದನಾ ನಿಮ್ಮಪ್ಪ? ಕೋಪದಲ್ಲಿ ಬೇಕಂತ್ಲೇ ಕಾಣದ ಹಾಗೆ ಆಡ್ತಿದ್ದೀನಿ ಅಂದ್ಕೊಂಡ್ರಾ ಇಬ್ಬರೂ?

ಹೌದು, ಬೇಕಂತ್ಲೇ ಆಡ್ದೆ! ಅಲ್ದೆ ಇನ್ನೇನು... ಅಪ್ಪನ ಜಾಕೆಟ್ಟು ಹಾಕ್ಕೊಂಡಿದ್ದೀಯಲ್ಲ, ಗುರುತು ಸಿಗಲಿಲ್ಲ, ಅಷ್ಟೆ. ಬಾಗಿಲಲ್ಲಿ ಬಿಸಿಲು ಬೇರೆ... ಅಷ್ಟೇ ಕಣಮ್ಮಾ. ಬೈಯಿ ಪುಟ್ಟಿ. ಬೈದುಬಿಡು.

ಆವತ್ತು ದೀಪಗಳು ಜೋರಾಗಿದ್ವು. ನೀನೂ ಆ ಎದುರಾಳೀನೂ ನನ್ನ ಕಣ್ಣಿಗೆ ಕಲಸಿಹೋಗಿದ್ರಿ. ಒಬ್ಬಳು ಬಿದ್ದಳು. ಯಾರು ಅಂತ... ಪಕ್ಕದಲ್ಲಿದ್ದೋನನ್ನ ಹೆಂಗೆ ಕೇಳ್ಲಿ? ಕಾಣದ ಕೋಚು ಅಂತ ಗೊತ್ತಾದ್ರೆ ನಾಳೆಯಿಂದ ಈ ಬಾಗಿಲಿಗೆ ಯಾರು ಬರ್ತಾರೆ? ಬಿದ್ದಿದ್ದು ನೀನೇ ಆಗಿದ್ರೆ? ಟವೆಲ್ ಕೈಲಿತ್ತು. ಎಸೆದೆ.

ನಂಬಿಕೆ ಇರಲಿಲ್ಲ ಅಂದೆನಲ್ಲ... ಅದು ನನ್ನ ಕಣ್ಣಿನ ಮೇಲಮ್ಮ. ನಿನ್ನ ಮೇಲಲ್ಲ.

ಅದೇನು ತೊಡೆ ಮೇಲೆ... ಕೈಯಾ? ಎಷ್ಟು ತಣ್ಣಗಿದೆ. ಬಲಗೈ... ಹ್ಞೂ, ಗೆಣ್ಣು ಇಲ್ಲೇ ಇದೆ. ಭಾವ, ಒಂದು ಪಟ್ಟಿ ಇತ್ತ ಕೊಡು. ಬೇಡ, ಬೇಡ, ನನ್ನ ಮಡಿಲಲ್ಲೇ ಇದೆ.

ಅಳೋದಾದ್ರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ. ಬೆರಳು ಅಗಲಿಸಮ್ಮ.