ಮೀನು ನೋಡುವ ಕಣ್ಣು

ಕೆಂಗೇರಿ ಮೆಟ್ರೋ ನಿಲ್ದಾಣದಲ್ಲಿ ಪಕ್ಕದ ಗಂಡ ಹೆಂಡತಿಯ ಮಾತು ಪಂಕಜಾಳ ಕಿವಿಗೆ ಬಿತ್ತು. ಗಂಡ ಗೊಣಗುತ್ತಿದ್ದ.

“ಮೊನ್ನೆ ಲ್ಯಾಬ್ ಇಟ್ಟೋನು ಆ ಸಿದ್ದೇಶ. ಮೀನು ಮುಟ್ಟೋದೇ ಇಲ್ವಂತೆ! ಕೊಳದ ನೀರು ಟೆಸ್ಟ್ ಮಾಡಿ, ಮುಂಚೇನೇ ಕಾಯಿಲೆ ಹೇಳ್ತಾನಂತೆ.”

“ಅವನಿಂದ್ಲೇ ನಿಮ್ಮಣ್ಣನ ಮೀನು ಉಳೀತಲ್ಲ?”

“ಇಪ್ಪತ್ತು ವರ್ಷ ಎಲ್ರೂ ನನ್ನೇ ಕರೀತಿದ್ರು. ಮೀನನ್ನ ಕಣ್ಣಲ್ಲಿ ನೋಡೇ ಕಾಯಿಲೆ ಹೇಳ್ತಿದ್ದೆ.”

“ನೀವು ಹೇಳೋಷ್ಟರಲ್ಲಿ ಅರ್ಧ ಮೀನು ಸತ್ತು ತೇಲ್ತಿದ್ವು.”

ಅವನು ಮುಖ ತಿರುಗಿಸಿದ. ಹೆಂಡತಿ ಅವನ ಚೀಲದಿಂದ ನೀರಿನ ಬಾಟಲಿ ತೆಗೆದಳು.

“ಕುಡೀಬೇಡ ಕಣೇ! ನಮ್ ಕೊಳದ್ದು ಅದು.”

“ಓಹೋ! ಅದಕ್ಕೇನಾ ನನ್ನೂ ಹೊರಡಿಸಿದ್ದು?”

“ಮೀನು ಮೇವು ಮುಟ್ತಿಲ್ಲ ಕಣೇ. ನನ್ ಕಣ್ಣಿಗೆ ಏನೂ ಕಾಣ್ತಿಲ್ಲ.”

ಬಾಟಲಿಗೆ ಅಂಟಿಸಿದ್ದ ಚೀಟಿಯನ್ನು ಓದಿ ಅವಳು ನಕ್ಕಳು. “ನನ್ ಹೆಸರು ಬರ್ದಿದೀರಲ್ರೀ!”

“ಲ್ಯಾಬಲ್ಲಿ ನೀನೇ ಕೊಟ್ಟು ಬಾ. ನಾನು ರಸ್ತೇಲಿ ನಿಂತಿರ್ತೀನಿ.”

ರೈಲು ಬಂತು. ಅವನು ಬಾಟಲಿಯನ್ನು ಅವಳಿಂದ ಇಸಿದುಕೊಂಡು, ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಹತ್ತಿದ.