ಮುಂದೆ ಬರುವವನ ಸೌದೆ

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮೂರಿನ ಮುಖಂಡರಾದ ಗವ್ರೀಲ್ ನಿಕಿತಿಚ್ ಅವರೇ, ಯಾಕುತ್ಸ್ಕ್ ನಗರದಿಂದ ಒಂದು ಹಗಲಿಡೀ ಹಿಮದ ದಾರಿಯಲ್ಲಿ ಕುಲುಕಿಸಿಕೊಂಡು ಬಂದು ಸೊಂಟ ಹಿಡಿದುಕೊಂಡು ಕುಳಿತಿರುವ ಮುಖ್ಯ ಅತಿಥಿ ಅರ್ಕಾದಿ ಸೆಮ್ಯೋನೊವಿಚ್ ಅವರೇ, ವೇದಿಕೆಯ ಮೇಲೆ ಉಗುರು ಕಚ್ಚುತ್ತಿರುವ ನನ್ನ ಮೊಮ್ಮಗಳು ತುಯಾರಾ, ಮತ್ತು ಒಲೆಯ ಹತ್ತಿರದ ಬೆಂಚಿಗಾಗಿ ಆಗಲೇ ಒಂದು ಸುತ್ತು ಜಗಳವಾಡಿ ಮುಗಿಸಿರುವ ಸಭಿಕರೇ,

ನೀವು ನನಗೆ ಹೂಗುಚ್ಛ ಕೊಟ್ಟಿದ್ದೀರಿ. ಹೊರಗೆ ಸೊನ್ನೆಗಿಂತ ಕೆಳಗೆ ನಲವತ್ತೆಂಟು. ಈ ಹೂವನ್ನು ಯಾರು ಅಂಗಿಯೊಳಗೆ ಇಟ್ಟುಕೊಂಡು ತಂದರೋ ಅವರ ಎದೆಯ ಬಿಸಿಗೆ ಮೊದಲು ನನ್ನ ನಮಸ್ಕಾರ. ಜೊತೆಗೆ ಒಂದು ಕಾಗದವನ್ನೂ ಕೊಟ್ಟಿದ್ದೀರಿ. ಅದರಲ್ಲಿ ನನ್ನನ್ನು ‘ಚಳಿಗಾಲದ ಸಲಹೆಗಾರ್ತಿ’ ಎಂದು ಬರೆದಿದೆಯಂತೆ. ನಾನು ನಾಲ್ಕನೇ ತರಗತಿಯವರೆಗೆ ಓದಿದವಳು, ಮಿಕ್ಕ ವಿದ್ಯೆಯೆಲ್ಲ ಹಸುವಿನ ಕೆಚ್ಚಲಿನ ಕೆಳಗೆ ಆದದ್ದು. ಎಪ್ಪತ್ತೇಳನೇ ವಯಸ್ಸಿನಲ್ಲಿ ನನಗೊಂದು ಹುದ್ದೆ ಸಿಕ್ಕಿತು. ಇನ್ನು ನಿವೃತ್ತಿ ಯಾವಾಗ ಎಂದು ಅಧ್ಯಕ್ಷರು ಹೇಳಬೇಕು.

ತುಯಾರಾ ಮತ್ತು ಅವಳ ಗೆಳೆಯರು ಮಾಡಿದ ವಿಡಿಯೋ ಗೇಮ್ ನಿಮಗೆಲ್ಲ ಗೊತ್ತು. ನಮ್ಮಂಥದೇ ಒಂದು ಹಳ್ಳಿ. ಅದರಲ್ಲಿ ಹುಲ್ಲು ಕೊಯ್ಯಬಹುದು, ಮೀನು ಹಿಡಿಯಬಹುದು, ಕುದುರೆ ಸಾಕಬಹುದು. ಎರಡು ವರ್ಷ ಲೋಕದ ಜನರೆಲ್ಲ ಆಡಿದರು. ಒಂದು ದಿನ ನಾನೂ ಹಿಂದೆ ನಿಂತು ನೋಡಿದೆ. ನೋಡಿದೆ, ನೋಡಿದೆ, ಬೇಸಿಗೆ ಮುಗಿಯುವುದೇ ಇಲ್ಲ. ಏಳು ತಿಂಗಳು ಹಿಮ ಹೊದ್ದು ಮಲಗುವ ಊರಿನ ಆಟದಲ್ಲಿ ಚಳಿಗಾಲವೇ ಇಲ್ಲ! ‘ಇದ್ಯಾವ ಊರೇ ಇದು? ಇಲ್ಲಿರೋರು ಅಷ್ಟೊಂದು ಹುಲ್ಲು ಯಾಕೆ ಕೂಡಿಡ್ತಾರೆ, ತಾವೇ ತಿನ್ನೋಕಾ?’ ಎಂದು ಕೇಳಿದೆ. ಅವಳು ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ನಾಲ್ಕನೆಯ ದಿನ ಬಂದು, ‘ಎಬೇ, ನನ್ನಜ್ಜೀ, ಚಳಿಗಾಲ ಹಾಕ್ತೀವಿ, ನೀನು ಹೇಳಿಕೊಡು’ ಎಂದಳು.

ಅವರು ಮೊದಲು ಮಾಡಿದ ಚಳಿ ಹೇಗಿತ್ತು ಗೊತ್ತೇ? ಪರದೆಯ ಮೂಲೆಯಲ್ಲಿ ಒಂದು ನೀಲಿ ಪಟ್ಟಿ. ಚಳಿಯಾದರೆ ಪಟ್ಟಿ ಸಣ್ಣದಾಗುತ್ತದೆ, ಓಡಿದರೆ ದೊಡ್ಡದಾಗುತ್ತದೆ. ಓಡಿದರೆ! ಐವತ್ತರ ಚಳಿಯಲ್ಲಿ ಓಡಿದವನು ಬೆವರುತ್ತಾನೆ, ಬೆವರಿದವನು ನಿಂತಾಗ ಹೆಪ್ಪುಗಟ್ಟಿದ ಅಂಗಿಯೇ ಅವನಿಗೆ ಶವಪೆಟ್ಟಿಗೆಯಾಗುತ್ತದೆ. ಇದನ್ನು ನಮ್ಮ ಮಕ್ಕಳು ಹಲ್ಲು ಹುಟ್ಟುವ ಮೊದಲೇ ಕಲಿಯುತ್ತವೆ. ನಗರಕ್ಕೆ ಹೋಗಿ ಓದಿದ ಮೇಲೆ ಮರೆಯುತ್ತವೆ. ಇನ್ನು ಆ ಪಟ್ಟಿ. ಚಳಿ ಹಿಡಿದವನಿಗೆ ತನ್ನ ಪಟ್ಟಿ ಕಾಣಿಸುತ್ತದೆಯೇ? ತನ್ನ ಮೂಗು ಬೆಳ್ಳಗಾದದ್ದು ತನಗೆ ತಿಳಿಯುತ್ತದೆಯೇ? ಎದುರಿಗೆ ಬಂದವನು ಹೇಳಬೇಕು. ಪಟ್ಟಿ ತೆಗೆಸಿದೆ. ಈಗ ಆಟದಲ್ಲಿ ದಾರಿಯಲ್ಲಿ ಸಿಕ್ಕವರು ‘ಅಣ್ಣ, ನಿನ್ನ ಕೆನ್ನೆ ನೋಡ್ಕೋ’ ಎನ್ನುತ್ತಾರೆ. ಯಾರೂ ಸಿಗದಿದ್ದರೆ ನಿಮ್ಮ ಹಣೆಬರಹ.

ಇಷ್ಟರವರೆಗೆ ಅರ್ಕಾದಿ ಸೆಮ್ಯೋನೊವಿಚ್ ಅವರು ಒಪ್ಪಿದ್ದಾರೆ. ಆಟವನ್ನು ಲೋಕಕ್ಕೆ ಮಾರುವವರು ಅವರು. ಅವರು ಒಪ್ಪದೇ ಇರುವುದು ಗುಡಿಸಲಿನ ವಿಷಯವನ್ನು. ಸೋಮವಾರ ಅವರ ಕಚೇರಿಯಲ್ಲಿ ಅದರ ತೀರ್ಮಾನ. ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮಿಕ್ಕ ನಿಮಿಷಗಳನ್ನು ಅದಕ್ಕೇ ಇಟ್ಟುಕೊಂಡಿದ್ದೇನೆ.

ಕಾಡಿನ ದಾರಿಯ ಗುಡಿಸಲಿಗೆ ಬೀಗ ಇಲ್ಲ. ಒಳಗೆ ಒಲೆ, ಸೀಳಿದ ಒಣ ಸೌದೆ, ಬರ್ಚ್ ಮರದ ತೊಗಟೆ, ಉಪ್ಪು, ಚಹಾ ಪುಡಿ. ಬೆಂಕಿಪೊಟ್ಟಣ ಅರ್ಧ ತೆರೆದಿರುತ್ತದೆ, ಎರಡು ಕಡ್ಡಿಗಳ ತಲೆ ಹೊರಗೆ ಚಾಚಿರುತ್ತದೆ. ಯಾಕೆ? ಬರುವವನ ಬೆರಳು ಮಡಚದೆ ಇರಬಹುದು, ಅವನು ಹಲ್ಲಿನಿಂದ ಎಳೆದುಕೊಳ್ಳಲಿ ಎಂದು. ನೀನು ಬರುತ್ತೀಯೆ, ಉರಿಸುತ್ತೀಯೆ, ಬದುಕುತ್ತೀಯೆ. ಹೊರಡುವ ಮೊದಲು ಹೊರಗಿನ ದಿಮ್ಮಿ ತಂದು ಸೀಳಿ, ಒಲೆ ಜೋಡಿಸಿ, ಕಡ್ಡಿಗಳ ತಲೆ ಹೊರಗೆ ಮಾಡಿ ಹೋಗುತ್ತೀಯೆ. ತುಯಾರಾ ಇದನ್ನು ಹಾಗೆಯೇ ಆಟದಲ್ಲಿ ಹಾಕಿದಳು. ನೀನು ಬಿಟ್ಟುಹೋದ ಗುಡಿಸಲಿಗೆ ಬರುವವನು ಬೊಂಬೆಯಲ್ಲ, ಬೇರೆ ಯಾವುದೋ ಊರಿನಲ್ಲಿ ಕುಳಿತು ಆಡುತ್ತಿರುವ ಮನುಷ್ಯ. ಅವನು ಯಾರೆಂದು ನಿನಗೆ ತಿಳಿಯುವುದಿಲ್ಲ, ನೀನು ಯಾರೆಂದು ಅವನಿಗೂ ತಿಳಿಯುವುದಿಲ್ಲ.

ಆಡಿ ನೋಡಿದವರು ಕಂಪನಿಗೆ ದೂರು ಕೊಟ್ಟರಂತೆ. ಮೈ ಬೆಚ್ಚಗಾದ ಮೇಲೆ ಕಾಣದವನಿಗಾಗಿ ಕಾಲು ಗಂಟೆ ಕೊಡಲಿ ಬೀಸುವುದು ಬೇಜಾರು, ಅದಕ್ಕೆ ಅಂಕವೂ ಇಲ್ಲ ಎಂದು. ಆದ್ದರಿಂದ ಅಂಕ ಕೊಡಿ, ಇಲ್ಲವೇ ಸೌದೆ ತಾನಾಗಿ ತುಂಬಿಕೊಳ್ಳುವಂತೆ ಮಾಡಿ ಎಂದು ಕಂಪನಿಯಿಂದ ತುಯಾರಾಗೆ ಪತ್ರ ಬಂತು.

ಬೇಜಾರು ನಿಜ. ನಾನು ಸುಳ್ಳು ಹೇಳುವುದಿಲ್ಲ, ಬಹಳ ಬೇಜಾರು. ಲಾರ್ಚ್ ಮರದ ದಿಮ್ಮಿ ಕಲ್ಲಿನಂತೆ ಇರುತ್ತದೆ. ಆದರೆ ಬೇಜಾರೆಂದು ಬಿಟ್ಟರೆ ಏನಾಗುತ್ತದೆ? ನನ್ನ ಗಂಡ ಪ್ರೊಕೋಪಿಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅವನ ನಡಿಗೆಯನ್ನು ಅಣಕಿಸಿದವರೂ ಇಲ್ಲಿದ್ದೀರಿ, ಹೆಸರು ಹೇಳುವುದಿಲ್ಲ. ಐವತ್ತೆಂಟು ವರ್ಷದ ಹಿಂದೆ, ಜನವರಿಯಲ್ಲಿ, ಹುಲ್ಲಿನ ಬಂಡಿ ತರಲು ಹೋದವನ ಕಾಲು ಹಿಮದ ಕೆಳಗೆ ನಿಂತ ನೀರಿಗೆ ಇಳಿಯಿತು. ಎರಡೂ ಬೂಟು ಒದ್ದೆ. ಸರೋವರದ ಪಕ್ಕದ ಗುಡಿಸಲು ಹತ್ತಿರವಿತ್ತು, ಮುಟ್ಟಿದ. ಬಾಗಿಲು ತೆರೆದ. ಒಲೆಯಲ್ಲಿ ಬೂದಿ. ಒಂದು ಚಕ್ಕೆಯೂ ಇಲ್ಲ. ಹೊರಗೆ ದಿಮ್ಮಿಗಳಿವೆ, ಮೂಲೆಯಲ್ಲಿ ಕೊಡಲಿಯಿದೆ, ಹಿಡಿಯಲು ಬೆರಳು ಮಡಚದು. ಮಲಗುವ ಹಲಗೆಯ ಮೇಲೆ ಮತ್ತೆ ಮತ್ತೆ ಬಿದ್ದು ಅದನ್ನು ಮುರಿದು ಉರಿಸಿದ. ಜೀವ ಉಳಿಯಿತು. ಏಳು ಕಾಲ್ಬೆರಳು ಉಳಿಯಲಿಲ್ಲ.

ಅವನಿಗಿಂತ ಮೊದಲು ಅಲ್ಲಿದ್ದವರು ಕೆಲವು ಗಂಟೆ ಮುಂಚೆಯಷ್ಟೇ ಹೊರಟಿದ್ದರು. ಬಂದಾಗ ಸೌದೆ ಒಲೆಯಲ್ಲಿ ಅಡ್ಡಡ್ಡವಾಗಿ ಚೆನ್ನಾಗಿ ಜೋಡಿಸಿತ್ತು, ಒಂದೇ ಕಡ್ಡಿಗೆ ಹೊತ್ತಿಕೊಂಡಿತು. ಚಹಾ ಕುಡಿದಾಯಿತು, ಮಫ್ಲರ್ ಒಣಗಿಸಿದ್ದಾಯಿತು. ಹೊರಗೆ ಹೋಗಿ ದಿಮ್ಮಿಯ ಮೇಲಿನ ಹಿಮ ಒರಸಿ ಒಂದು ಏಟು ಹಾಕಿದ್ದೂ ಆಯಿತು. ಕೊಡಲಿ ಸಿಕ್ಕಿಕೊಂಡಿತು. ಊರಿಗೆ ಸಿನಿಮಾ ತೋರಿಸುವವರು ಬಂದಿದ್ದರು, ಐದು ಗಂಟೆಗೆ ಶುರು. ‘ಯಾರು ಬರ್ತಾರೆ ಈ ದಾರೀಲಿ ಇವತ್ತು’ ಎಂದು ಕೊಡಲಿ ಕಿತ್ತು ಒಳಗಿಟ್ಟು...

ಕೊನೆಯ ಸಾಲಿನಲ್ಲಿ ಯಾರೋ ಗುಸುಗುಸು ನಿಲ್ಲಿಸಿದಿರಿ. ನಿಮ್ಮ ಕಿವಿ ಸರಿಯಾಗಿದೆ. ಒಲೆಯಲ್ಲಿ ಸೌದೆ ಹೇಗೆ ಜೋಡಿಸಿತ್ತೆಂದು ಇವಳಿಗೆ ಹೇಗೆ ಗೊತ್ತು? ಇಷ್ಟು ಹೇಳಬೇಕೆಂದು ನಾನು ಮನೆಯಿಂದ ಹೊರಟಿರಲಿಲ್ಲ. ಬಾಯಿ ಹೊರಟಿತು. ಹೌದು, ನಾನೇ. ಹತ್ತೊಂಬತ್ತು ವರ್ಷದ ಅಕುಲಿನಾ. ನದಿಯ ದಾರಿಯಲ್ಲಿ ಬಂದೆ ಎಂದು ಊರಿಗೆಲ್ಲ ಹೇಳಿದೆ, ಹೊಸ ಹಿಮ ಬಿದ್ದು ಹೆಜ್ಜೆ ಮುಚ್ಚಿತು. ಆ ಸಿನಿಮಾದಲ್ಲಿ ಏನಿತ್ತೆಂದು ಕೇಳಬೇಡಿ. ಯಾವನೋ ಗೋಧಿ ಹೊಲದಲ್ಲಿ ಕುದುರೆ ಓಡಿಸುತ್ತಿದ್ದ.

ಆಸ್ಪತ್ರೆಗೆ ಹಾಲು ಕೊಡುವ ಕೆಲಸ ನನ್ನದು. ಮೊದಲ ದಿನ ಹಾಲಿನ ಕ್ಯಾನು ಹಿಡಿದು ಅವನ ಮಂಚದ ಹತ್ತಿರ ನಿಂತದ್ದು, ಅವನಿಗೆ ಗೊತ್ತೇ ಎಂದು ನೋಡಲು. ಅವನು ನರ್ಸಿಗೆ ಹೇಳುತ್ತಿದ್ದ: ‘ನನಗಿಂತ ಮುಂಚೆ ಬಂದಿದ್ದೋರ ಮನೇಲಿ ಮಗು ಗಿಗು ಕಾಯಿಲೆ ಬಿದ್ದಿರ್ಬೇಕು ಪಾಪ. ಇಲ್ದಿದ್ರೆ ಯಾರಾದ್ರೂ ಹಂಗೆ ಬಿಟ್ಟು ಹೋಗ್ತಾರಾ?’

ಮರುದಿನವೂ ಹೋದೆ. ಹೆದರಿಕೆಯಿಂದ ಹೋದೆ. ವಸಂತ ಬರುವ ಹೊತ್ತಿಗೆ ಹೆದರಿಕೆ ಇಲ್ಲದೆಯೂ ಹೋಗುತ್ತಿದ್ದೆ. ಒಳ್ಳೆಯ ಹುಡುಗಿ ಅರ್ಧ ಪಾದದವನನ್ನು ಕಟ್ಟಿಕೊಂಡಳು, ಎಂಥ ಮನಸ್ಸು ಎಂದು ಊರು ಹೊಗಳಿತು. ಆ ಹೊಗಳಿಕೆಯನ್ನು ನಾನು ಐವತ್ತೇಳು ವರ್ಷ ತಿಂದಿದ್ದೇನೆ. ಇವತ್ತಿನ ಈ ಹೂಗುಚ್ಛ ಅದರ ಮೇಲಿನ ಕೆನೆ.

ಅವನು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷ, ಪ್ರತಿ ಬೆಳಗ್ಗೆ ಅವನ ಬೂಟಿನ ತುದಿಗೆ ಒಣಹುಲ್ಲು ತುಂಬಿ ಕೊಟ್ಟೆ. ಯಾಕೆ ಹೇಳಲಿಲ್ಲ ಎನ್ನುತ್ತೀರಾ? ಪ್ರತಿ ಜನವರಿಯಲ್ಲಿ ಒಂದು ದಿನ ಚಹಾ ಕುಡಿಯುತ್ತಾ ಅವನು ಕೇಳುವನು: ‘ಅವರ ಮಗು ಉಳೀತೋ ಏನೋ, ಅಕುಲಿನಾ.’ ನಾನು, ‘ಉಳಿದಿರುತ್ತೆ ಬಿಡು, ಚಹಾ ಆರ್ತಿದೆ’ ಎನ್ನುವೆ. ಇಲ್ಲದ ಮಗುವೊಂದು ಅವನ ಮನಸ್ಸಿನಲ್ಲಿ ಬೆಳೆದು ಶಾಲೆಗೆ ಹೋಯಿತು, ದೊಡ್ಡದಾಯಿತು. ‘ಈಗ ಮದುವೆ ವಯಸ್ಸು ಅದಕ್ಕೆ’ ಎಂದು ಒಂದು ವರ್ಷ ಹೇಳಿದ. ಅದನ್ನು ಕೊಲ್ಲಲು ನನ್ನ ನಾಲಿಗೆ ಏಳಲಿಲ್ಲ. ಈ ನಾಲಿಗೆ! ಊರಿನ ಯಾರನ್ನು ಬಿಟ್ಟಿದೆ ಇದು?

ತುಯಾರಾ, ನಿನ್ನ ಅಜ್ಜನ ವಿಷಯ ಇದು. ಮನೆಗೆ ಹೋದ ಮೇಲೆ ಬೈಯುವೆಯಂತೆ.

ಅರ್ಕಾದಿ ಸೆಮ್ಯೋನೊವಿಚ್ ಅವರೇ, ಅಂಕ ಕೊಡಬೇಡಿ. ಅಂಕಕ್ಕೆ ಸೌದೆ ಸೀಳಿದವನು ಅಂಕವಿಲ್ಲದ ದಿನ ಸೀಳುವುದಿಲ್ಲ. ಬಿಟ್ಟುಹೋದವನಿಗೆ ಶಿಕ್ಷೆಯನ್ನೂ ಕೊಡಬೇಡಿ, ಅವನಿಗೆ ಏನೂ ಹೇಳಲೇಬೇಡಿ. ಅವನು ಸಿನಿಮಾ ನೋಡಲಿ. ಸೌದೆ ತಾನಾಗಿ ತುಂಬಿಕೊಳ್ಳುವಂತೆ ಮಾತ್ರ ಮಾಡಬೇಡಿ. ತಾನಾಗಿ ತುಂಬಿಕೊಳ್ಳುವ ಗುಡಿಸಲು ಈ ಲೋಕದಲ್ಲಿ ಎಲ್ಲಿದೆ? ಇದ್ದಿದ್ದರೆ ನನ್ನ ಗಂಡ ಹತ್ತೂ ಬೆರಳಿನಲ್ಲಿ ನಡೆಯುತ್ತಿದ್ದ. ಬಹುಶಃ ಬೇರೆಯವಳ ಮನೆಗೆ ನಡೆಯುತ್ತಿದ್ದ, ಅದು ಬೇರೆ ಮಾತು.

ಕಳೆದ ಭಾನುವಾರ ತುಯಾರಾ ಊಟಕ್ಕೆ ಹೋಗಿದ್ದಾಗ ನಾನೇ ಆ ಯಂತ್ರದ ಮುಂದೆ ಕುಳಿತೆ. ಈ ಸೊಟ್ಟ ಬೆರಳುಗಳಿಗೆ ಗುಂಡಿ ಸಿಗುವುದಿಲ್ಲ. ಎರಡು ಸಲ ದಾರಿಯಲ್ಲೇ ಸತ್ತೆ. ಮೂರನೆಯ ಸಲ ಗುಡಿಸಲು ಸಿಕ್ಕಿತು. ಯಾರೋ ಪುಣ್ಯಾತ್ಮರು ಜೋಡಿಸಿಟ್ಟ ಸೌದೆ ಇತ್ತು, ಉರಿಸಿದೆ. ಆಮೇಲೆ ಹೊರಗೆ ಹೋಗಿ ದಿಮ್ಮಿ ತಂದೆ. ಇವಳು ಕೊಡಲಿ ಸಿಕ್ಕಿಕೊಳ್ಳುವುದನ್ನೂ ಬಿಟ್ಟಿಲ್ಲ, ಹಾಳಾದವಳು. ಹನ್ನೆರಡು ಸೀಳು ಮಾಡಿದೆ. ಒಲೆಯಲ್ಲಿ ಅಡ್ಡಡ್ಡ ಜೋಡಿಸಿ, ಎರಡು ಕಡ್ಡಿ ಹೊರಗೆ ಚಾಚಿ, ಬಾಗಿಲು ಎಳೆದುಕೊಂಡು ಬಂದೆ.

ಆ ಗುಡಿಸಲು ಈಗ ಯಾರ ಪಾಲಿಗೆ ಹೋಗಿದೆಯೋ ತುಯಾರಾಗೂ ಗೊತ್ತಾಗುವುದಿಲ್ಲವಂತೆ. ಒದ್ದೆ ಬೂಟಿನ ಯಾರೋ ಇನ್ನೂ ದಾರಿಯಲ್ಲಿರಬಹುದು. ಸೋಮವಾರ ನೀವು ಏನಾದರೂ ತೀರ್ಮಾನಿಸಿ, ದೊಡ್ಡವರು ನೀವು. ಆದರೆ ಅವನು ಬಂದು ಬಾಗಿಲು ತೆರೆಯುವವರೆಗೆ ನನ್ನ ಆ ಹನ್ನೆರಡು ಸೀಳನ್ನು ಅಲ್ಲಿಂದ ತೆಗೆಯಬೇಡಿ.

ಹತ್ತು ನಿಮಿಷ ಮೀರಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೆ, ಕೆಮ್ಮನ್ನೂ ತಡೆದುಕೊಂಡು ಕೇಳಿದ ನಿಮಗೆಲ್ಲರಿಗೂ ನನ್ನ ಕೃತಜ್ಞತೆ. ನಮಸ್ಕಾರ.