ಸೊಟ್ಟ ಬಾಗಿಲು

ಒಂದೂರಿನ ಸಾಹುಕಾರ, ತನ್ನ ವಾಡೆಗೆ ಕಂಬ, ತೊಲೆ, ಕಿಟಕಿ ಎಲ್ಲ ಮಾಡಿಕೊಟ್ಟ ಬಡಗಿ ಸತ್ತ ವಾರದೊಳಗೆ, ಆ ಬಡಗಿಯ ಮನೆಯ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಒಯ್ದು ತನ್ನ ದನದ ಕೊಟ್ಟಿಗೆಗೆ ಹಾಕಿಸಿಕೊಂಡ.

ಬಡಗಿಯ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು, ಯಾಕೆ ಎಂದು ಕೇಳಿದಳು. ಹೆಸರು ಬೇಕೇ ಅವಳಿಗೆ? ನಿಮ್ಮ ಮನೆಯ ಹೆಣ್ಣುಮಗಳ ಹೆಸರನ್ನೇ ಇಟ್ಟುಕೊಳ್ಳಿ. ಸಾಹುಕಾರ ತಿರುಗಿ ಕೂಡ ನೋಡಲಿಲ್ಲ.

"ಸಾಗವಾನಿ ನಮ್ಮ ಹೊಲದ್ದು. ಅಂವಾ ಇರೂತನಕ ಇರ್ಲಿ ಅಂತ ಬಿಟ್ಟಿದ್ದೆ. ನಿಮ್ಮ ಮನ್ಯಾಗ ಕದಿಯಾಕ ಏನೈತಿ, ಬಾಗಲಾ ಯಾಕ ಬೇಕು?"

ನೋಡಿ, ಆ ಮರ ವಾಡೆಯ ದುಡಿಮೆಗೆ ಕೂಲಿಯಾಗಿ ಬಂದದ್ದು. ಊರಿಗೆಲ್ಲ ಗೊತ್ತಿತ್ತು. ಊರು ಸುಮ್ಮನಿತ್ತು. ಯಾಕೆ ಸುಮ್ಮನಿತ್ತು? ಬಡಗಿಯಿದ್ದ ಕೇರಿಯಲ್ಲಿ ಬೇರೆ ಯಾರ ಮನೆಗೂ ಮರದ ಬಾಗಿಲೇ ಇರಲಿಲ್ಲ. ತಟ್ಟಿ ಇತ್ತು, ಗೋಣಿತಾಟು ಇತ್ತು. ಬೆಳಗಾದರೆ ಸಾಹುಕಾರನ ಆಳು ಕೋಲಿನ ತುದಿಯಿಂದ ಗೋಣಿತಾಟು ಎತ್ತಿ, ಒಳಗೆ ಯಾರು ಯಾವ ಸ್ಥಿತಿಯಲ್ಲಿದ್ದಾರೆ ಎನ್ನದೆ, ಕೆಲಸಕ್ಕೆ ಏಳಿ ಎಂದು ಕೂಗುತ್ತಿದ್ದ. ಅದು ಆ ಊರಿನ ಪದ್ಧತಿ. ಪದ್ಧತಿ ಅಂದ ಮೇಲೆ ಮುಗಿಯಿತಲ್ಲ, ನಾವು ಕೈಮುಗಿದು ನಿಂತುಬಿಡುತ್ತೇವೆ.

ಕದಿಯಲು ಏನಿದೆ ಎಂದ ಸಾಹುಕಾರ. ಇತ್ತು. ಅವಳ ಹತ್ತಿರ ಅಳು ಇತ್ತು. ಬಾಗಿಲು ಹಾಕಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಳ್ಳದೆ, ಗೋಡೆಗೆ ತಲೆಯಾನಿಸಿ ಒಮ್ಮೆ ಅತ್ತುಬಿಡಬೇಕು. ಅಷ್ಟೇ ಅವಳ ಆಸೆ. ಆದರೆ ಬಾಗಿಲಿದ್ದ ಜಾಗಕ್ಕೆ ಈಗ ಅವಳೂ ಕಟ್ಟಿದ್ದ ಗೋಣಿತಾಟು ಗಾಳಿಗೆ ಏಳುತ್ತಿತ್ತು. ದಾರಿಹೋಕರ ಮುಂದೆ ಅಳುವುದು ಹೇಗೆ?

ನೀರಿಗೆ ಹೋಗುವಾಗ ಅವಳು ಹತ್ತಿರದ ದಾರಿ ಬಿಟ್ಟು ಆ ಕೊಟ್ಟಿಗೆಯ ಮುಂದೆ ಸುತ್ತಿ ಹೋಗುತ್ತಿದ್ದಳು. ಬಾಗಿಲಿನ ಚಿಲಕದ ಮಗ್ಗುಲಿಗೆ ಅಂಗೈಯಗಲದ ಜಾಗವೊಂದು ನುಣುಪಾಗಿತ್ತು. ಗಂಡ ದಿನವೂ ನೂಕಿ ನೂಕಿ ಆದ ನುಣುಪು. ಸಂಜೆ ಆ ಬಾಗಿಲು, ಯಾರೋ ಮೆಲ್ಲಗೆ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು ಮಾಡಿದರೆ ಅವನು ಬಂದ ಎಂದೇ ಅರ್ಥ. ಈಗ ಅದಕ್ಕೆ ಎಮ್ಮೆ ಮೈ ಉಜ್ಜುತ್ತಿತ್ತು. ಅವಳು ಕೊಡ ಇಳಿಸಿ, ಎಮ್ಮೆ ಸರಿಯುವ ತನಕ ಕಾದು, ಮತ್ತೆ ಕೊಡ ಎತ್ತಿಕೊಂಡು ಹೋಗುತ್ತಿದ್ದಳು.

ಒಂದು ದಿನ ಅವಳು ಪಕ್ಕದೂರಿಗೆ ನಡೆದುಹೋಗಿ, ಗಂಡನಿಗೆ ಕೆಲಸ ಕಲಿಸಿದ್ದ ಮುದುಕ ಬಡಗಿಯ ಮುಂದೆ ನಿಂತಳು. ಗರಗಸದ ಆ ತುದಿ ಹಿಡಿದು ಎಳೆದು ಗೊತ್ತು, ಉಳಿ ಹಿಡಿಯುವುದನ್ನು ತೋರಿಸಿಕೊಡಿ, ಒಂದು ಬಾಗಿಲು ಮಾಡಿಕೊಳ್ಳಬೇಕು ಎಂದಳು. ಮುದುಕ ಕೆಟ್ಟವನಲ್ಲ. ಕೂರಿಸಿ ಉಣ್ಣಲಿಕ್ಕೆ ಹಾಕಿದ. ಆಮೇಲೆ ಹೇಳಿದ: "ಹತಾರಕ್ಕ ಕುಂಕುಮ ಹಚ್ಚೂದು ನಿನ್ನ ಕೆಲಸ, ಯವ್ವಾ. ಹಿಡಿಯೂದಲ್ಲ. ಹೆಂಗಸು ಉಳಿ ಹಿಡಿದ್ರ ಮರ ಸೀಳತೈತಿ."

ಅವಳು ಮನೆಗೆ ಬಂದು ಉಳಿ ಹಿಡಿದಳು, ಮೊಳೆ ಹೊಡೆದಳು. ಮರ ಸೀಳಿತು.

ನಗಬೇಡಿ. ಆ ಮುದುಕ ಕಲಿಯುವಾಗ ಎಷ್ಟು ಮರ ಸೀಳಿದ್ದನೋ! ಗಂಡಸು ಹಿಡಿದದ್ದಕ್ಕೇ ಸೀಳಿತು ಎಂದು ಅವತ್ತು ಯಾರಾದರೂ ಹೇಳಿದ್ದರೆ? ಅವಳು ಸೀಳಿದ ಹಲಗೆಯನ್ನು ಒಲೆಗೆ ಹಾಕಲಿಲ್ಲ. ಮುಂದೆ ಇಟ್ಟುಕೊಂಡು ನೋಡಿದಳು. ಮೊಳೆಯನ್ನು ತೀರ ಅಂಚಿಗೆ ಹೊಡೆದಿದ್ದಳು. ಇನ್ನೊಂದು ಹಲಗೆಗೆ ಅಂಚು ಬಿಟ್ಟು, ಮೊದಲು ತೂತು ಕೊರೆದು, ಆಮೇಲೆ ಹೊಡೆದಳು. ನಿಂತಿತು.

ಆದರೆ ಆ ಹಲಗೆಗಳು ಹಿತ್ತಲಲ್ಲಿ ಆಗತಾನೇ ಕಡಿದ ಬೇವಿನವು. ಹಸಿ ಮರ. ಬಿಸಿಲಿಗೆ ನಿಲ್ಲಿಸಿದ ಬಾಗಿಲು ಒಣಗುತ್ತ ಒಣಗುತ್ತ ಬೆನ್ನು ಬಾಗಿಸಿತು. ನೆರೆಮನೆಯವಳು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿ ಕೇಳಿದಳು: "ಎಕ್ಕಾ, ಇದು ಬಾಗಲಾನೋ ಬಿಲ್ಲೋ? ಹಗ್ಗಾ ಕಟ್ಟು, ಬಾಣಾ ಬಿಡೂಣು."

ಬಡಗಿ ಸತ್ತ ಮೇಲೆ ಅವಳು ಮೊದಲ ಸಲ ನಕ್ಕಳು. ನಕ್ಕು, ಬಾಗಿಲು ಬಿಚ್ಚಿ, ಹೊಸ ಹಲಗೆಗಳನ್ನು ನೆರಳಿನಲ್ಲಿ ಒಣಗಲು ಇಟ್ಟಳು. ಕಾದಳು. ಕಾಯುವುದು ಕೂಡ ಬಡಗಿಯ ಕೆಲಸವೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಉಳಿದದ್ದು ಚೌಕಟ್ಟು. ಅದಕ್ಕೆ ಗಂಡ ಇದ್ದಾಗಲೇ ಕೊಯ್ದು ಮಾಡಿನ ಕೆಳಗೆ ಸೇರಿಸಿಟ್ಟ ಎರಡು ಕಂಬಗಳಿದ್ದವು. ಎರಡಕ್ಕೂ ಒಂದೊಂದು ತುದಿಗೆ ಕೆಮ್ಮಣ್ಣು ಬಳಿದಿತ್ತು. ಅವಳು ಕೊಳೆ ಎಂದುಕೊಂಡಳು. ರಂದಾ ಹಿಡಿದು ನಯಮಾಡುವಾಗ ಅದನ್ನೂ ಹೆರೆದು ಹಾಕಿದಳು. ಚೊಕ್ಕಟವಾಯಿತು ಎಂದು ಹಿಗ್ಗಿ ಎತ್ತಿ ನಿಲ್ಲಿಸಿದಳು. ಕೇರಿಯ ಮುದುಕಿಯೊಬ್ಬಳು ಬಂದು ಒಂದು ಕಂಬ ಸವರಿ, ಗಿಡದ ತಲೆ ಕೆಳಗೆ ಮಾಡಿ ನಿಲ್ಲಿಸಿದ್ದೀಯಲ್ಲ ಎಂದಳು. ಆಗ ನೆನಪಾಯಿತು. ನೆಲದಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಮರ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಬುಡ ಯಾವುದು ಎಂದು ಮರೆಯಬಾರದೆಂದೇ ಗಂಡ ಕೆಮ್ಮಣ್ಣು ಬಳಿಯುತ್ತಿದ್ದ.

ಅಂದರೆ ಏನಾಯಿತು? ಅವನ ಕೈಯ ಕೊನೆಯ ಗುರುತನ್ನು ಅವಳ ಕೈಯೇ ಹೆರೆದು ಹಾಕಿತ್ತು. ನೆಲದ ಮೇಲೆ ಕೆಂಪಗೆ ಸುರುಳಿಸುರುಳಿ ಬಿದ್ದಿದ್ದ ಹೆರೆಗಳನ್ನು ಮಡಿಲಿಗೆ ತುಂಬಿಕೊಂಡು ಅವಳು ಕೂತುಬಿಟ್ಟಳು. ಅಳು ಬಂತು. ಗೋಣಿತಾಟು ಎದ್ದಿತು. ಅಳು ಹಿಂದಕ್ಕೆ ಹೋಯಿತು.

ಆಮೇಲೆ ಎದ್ದು ಕಂಬದ ಮೇಲೆ ಬೆರಳಾಡಿಸಿದಳು. ಗಂಟಿರುವಲ್ಲೆಲ್ಲ ಕೊಂಬೆ ಒಡೆದಿತ್ತು, ಕೊಂಬೆ ಮೇಲ್ಮುಖವಾಗಿಯೇ ಬೆಳೆಯುತ್ತದೆ. ಗಂಟು ವಾಲಿದ ಕಡೆ ತುದಿ, ಗುರುತಿಲ್ಲದೆಯೂ ಬುಡ ಸಿಕ್ಕಿತು. ಎರಡು ಕಂಬವನ್ನೂ ಸರಿಮಾಡಿ ನಿಲ್ಲಿಸಿದಳು.

ಬಾಗಿಲು ಕೂತಿತು. ಸೊಟ್ಟಗೇ ಕೂತಿತು. ಕೆಳಗೆ ಬೆಕ್ಕು ನುಸುಳುವಷ್ಟು ಸಂದು. ಅದು ಗಂಟಲು ಸರಿಮಾಡಿಕೊಳ್ಳಲಿಲ್ಲ, ಕಿರ್ರೆಂದು ಕೂಗಿತು. ಇರಲಿ. ಒಳಗಿನಿಂದ ಅಗುಳಿ ಹಾಕಿ, ಗೋಡೆಗೆ ತಲೆಯಾನಿಸಿದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಆ ಕೇರಿಯಲ್ಲಿ ಯಾರೂ ಹಾಗೆ ಬಡಿದು ನಿಂತದ್ದಿರಲಿಲ್ಲ. ನೆರೆಮನೆಯವಳು, ಬಿಲ್ಲು ಎಂದು ನಕ್ಕವಳು. "ಎಕ್ಕಾ, ನನಗೂ ಕಲಿಸ್ತೀಯೇನು?"

ಅವಳು ಅಳುವುದನ್ನು ಬಿಟ್ಟು ಉಳಿ ತಂದಳು.

ಒಂದರ ಹಿಂದೆ ಒಂದು ಕೇರಿಯ ಮನೆಮನೆಗೂ ಸೊಟ್ಟ ಬಾಗಿಲುಗಳು ಬಂದವು. ಸಾಹುಕಾರನ ಆಳು ಬೆಳಿಗ್ಗೆ ಕೋಲು ಹಿಡಿದು ಬಂದರೆ, ಎತ್ತಲು ಗೋಣಿತಾಟಿಲ್ಲ. ಹೊರಗೆ ನಿಂತು, ಹೆಸರು ಹಿಡಿದು ಕರೆದು, ಕಾಯಬೇಕು. ಸಾಹುಕಾರನಿಗೆ ಉರಿ ಹತ್ತಿತು. ಆದರೆ ಜಾಣ. ಕೊಟ್ಟಿಗೆಯ ಬಾಗಿಲು ಕೀಳಿಸಿ, ತೊಳೆಸಿ, ಆಳುಗಳ ಹೆಗಲ ಮೇಲೆ ಹೊರಿಸಿಕೊಂಡು ಬಡಗಿಯ ಮನೆಯ ಮುಂದೆ ಬಂದ.

"ತಗೋ, ನಿನ್ನ ಗಂಡಂದು. ನಮ್ಮ ಆಳೇ ಕುಂದ್ರಸ್ತಾರ. ಉಳಿ ಗರಗಸ ಎಲ್ಲಾ ತಂದು ವಾಡೇದಾಗ ಇಡು. ಕೇರಿಯೊಳಗ ಹಚ್ಚಿದ ಬಾಗಲಾ ನಿನ್ನ ಕೈಲೇ ಕಿತ್ತು ಹಾಕು."

ಅವಳು ಹತ್ತಿರ ಬಂದಳು. ಚಿಲಕದ ಮಗ್ಗುಲಿನ ನುಣುಪಿನ ಮೇಲೆ ಅಂಗೈ ಇಟ್ಟಳು. ಸರಿಯಾಗಿ ಹೊಂದಿತು.

ಇಲ್ಲಿ ನಿಲ್ಲಿಸಿ ನಿಮ್ಮನ್ನು ಕೇಳುತ್ತೇನೆ. ನೀವು ಏನು ಮಾಡುತ್ತಿದ್ದಿರಿ? ಅವಳ ಜಾಗದಲ್ಲಿ ನಿಂತು ಉತ್ತರ ಹುಡುಕುತ್ತಿದ್ದೀರಿ, ನೋಡಿ, ಅದೇ ನಮ್ಮ ಜಾಣತನ. ನಮ್ಮಲ್ಲಿ ಬಹಳ ಮಂದಿ ಸಾಹುಕಾರನ ಜಾಗದಲ್ಲಿ ನಿಂತವರು. ಮಗಳು ಸುತ್ತಿಗೆ ಎತ್ತಿಕೊಂಡರೆ ಕಿತ್ತುಕೊಳ್ಳುತ್ತೀರಿ. ಸೊಸೆಯ ಮೊದಲ ಕೆಲಸ ಸೊಟ್ಟಗಾದರೆ ಅದನ್ನು ಹತ್ತು ಮಂದಿಗೆ ತೋರಿಸುತ್ತೀರಿ. ದುಡಿಯುವವರ ಮನೆಯೊಳಗೆ ಕರೆಯದೆ ಕಾಲಿಡುತ್ತೀರಿ. ನಾಳೆಯಿಂದ ಕಿತ್ತುಕೊಳ್ಳಬೇಡಿ. ಸೊಟ್ಟಗಾದದ್ದನ್ನು ಒಲೆಗೆ ಹಾಕಬೇಡಿ, ಬಾಗಿಲಿಗೆ ಹಾಕಿ. ಹೊರಗೆ ನಿಂತು ಕರೆಯಿರಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಕೊಟ್ಟಿಗೆಗೊಮ್ಮೆ ಹೋಗಿ ನೋಡಿ, ಅಲ್ಲಿರುವುದು ಯಾರ ಬಾಗಿಲು ಎಂದು. ಇನ್ನೊಬ್ಬರದಾದರೆ ಕೊಟ್ಟು ಬನ್ನಿ. ಕೊಡುವಾಗ ಬದಲಿಗೆ ಏನನ್ನೂ ಕೇಳಬೇಡಿ.

ಅವಳು ಏನಂದಳು ಎಂದು ಕೇಳುತ್ತೀರಾ? ಬಹಳ ಹೊತ್ತು ಅಂಗೈ ತೆಗೆಯಲಿಲ್ಲ. ಆಮೇಲೆ ತೆಗೆದಳು.

"ಒಲ್ಲೆನ್ರಿ. ಇದು ನಮ್ಮದು ಅಂತ ಕೊಡೂದಾದ್ರ ಇಲ್ಲೇ ಇಟ್ಟು ಹೋಗ್ರಿ. ಹತಾರ ಕೊಡಂಗಿಲ್ಲ. ಯಾರ ಬಾಗಲಾನೂ ಕೀಳಂಗಿಲ್ಲ."

ಒಳಗೆ ಹೋದಳು. ಸೊಟ್ಟ ಬಾಗಿಲು ಕಿರ್ರೆಂದಿತು. ಅಗುಳಿ ಬಿತ್ತು. ಆಮೇಲೆ ಒಳಗೆ ಏನಾಯಿತು ಎಂಬುದು ಸಾಹುಕಾರನಿಗೆ ತಿಳಿಯಲಿಲ್ಲ. ನನಗೂ ತಿಳಿಯದು. ಬಾಗಿಲು ಹಾಕಿತ್ತು.